ಉಣ್ಣೆಯ ಉಂಡೆ ಮತ್ತು ದುಡಿಮೆಯ ಲೆಕ್ಕ

ಸ್ವೀಡನ್ನಿನಲ್ಲಿ ಚಿಲ್ಲರೆ ವ್ಯಾಪಾರದ ಅಧ್ಯಯನ ನಡೆಸುವ ಎಚ್‌ಯುಐ ಎಂಬ ಸಂಸ್ಥೆ 1988ರಿಂದ ಪ್ರತಿ ಚಳಿಗಾಲವೂ ‘ವರ್ಷದ ಕ್ರಿಸ್‌ಮಸ್ ಉಡುಗೊರೆ’ಯೊಂದನ್ನು ಘೋಷಿಸುತ್ತ ಬಂದಿದೆ. ಮೊದಲ ವರ್ಷ ಆ ಗೌರವ ಸಂದದ್ದು ಬ್ರೆಡ್ ತಯಾರಿಸುವ ಯಂತ್ರಕ್ಕೆ. ಆಮೇಲಿನ ಪಟ್ಟಿಯ ಬಹುಭಾಗ ಅಂಗಡಿಯ ಕಪಾಟುಗಳಿಂದ ಇಳಿದು ಬಂದ ಸಾಮಾನುಗಳದೇ. ಆದರೆ 2022ರಲ್ಲಿ ಆ ಸಂಸ್ಥೆ ಹೆಸರಿಸಿದ್ದು ಯಾವ ಅಂಗಡಿಯಲ್ಲೂ ಸಿಗದ ವಸ್ತುವನ್ನು: ಮನೆಯಲ್ಲಿ ಹೆಣೆದ ಉಣ್ಣೆಯ ಉಡುಪು. ವ್ಯಾಪಾರದ ಲೋಕವೇ ವ್ಯಾಪಾರಕ್ಕೆ ಹೊರಗಿನ ಉಡುಗೊರೆಯೊಂದನ್ನು ಎತ್ತಿಹಿಡಿದ ಆ ವರ್ಷ ಯಾವುದೆಂಬುದನ್ನು ನೆನೆದರೆ ಒಗಟು ಬಿಡಿಸಿಕೊಳ್ಳುತ್ತದೆ. ಉಕ್ರೇನಿನ ಮೇಲೆ ಯುದ್ಧ ಆರಂಭವಾಗಿತ್ತು. ವಿದ್ಯುತ್ತಿನ ಬಿಲ್ಲು ಕಂಡು ಜನ ಮನೆಯ ಶಾಖವನ್ನು ತಗ್ಗಿಸಿ ಕೂತಿದ್ದರು. ಆ ಡಿಸೆಂಬರಿನಲ್ಲಿ ಬೆಲೆಯೇರಿಕೆಯ ವಾರ್ಷಿಕ ದರ ಶೇ. 12.3ಕ್ಕೆ ಮುಟ್ಟಿತ್ತು. ಬಡತನದ ಕಾಲದ ವಿದ್ಯೆಯೊಂದು ಹಬ್ಬದ ಉಡುಪು ತೊಟ್ಟು ಮರಳಿ ಬಂದಿತ್ತು.

ಅಂದಿನಿಂದ ಪ್ರತಿ ವರ್ಷ ನವೆಂಬರ್ ಬಂದೊಡನೆ ರೈಲುಗಳಲ್ಲಿ, ಗ್ರಂಥಾಲಯದ ಮೂಲೆಗಳಲ್ಲಿ, ಕಚೇರಿಯ ಊಟದ ಮೇಜುಗಳಲ್ಲಿ ಕಡ್ಡಿ ಹಿಡಿದ ಕೈಗಳು ಇನ್ನಷ್ಟು ಎದ್ದು ಕಾಣುತ್ತಿವೆ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಲುಂಡ್‌ಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಈ ಹೆಣಿಗೆಗೆ ಕೈ ಹಾಕಿವೆ. ಲೂಸಿಯಾ ಹಬ್ಬದ ಡಿಸೆಂಬರ್ 13ರ ಒಳಗೆ ಮಗುವಿನ ಟೋಪಿ ಮುಗಿಯಬೇಕು, 24ರ ಒಳಗೆ ನೆರೆಮನೆಯವರ ಕೈಗವಸು ಆಗಬೇಕು, ಜನವರಿಯಲ್ಲಿ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಅಜ್ಜಿಯ ಶಾಲು ಇರಬೇಕು. ಇದನ್ನು ನಾವು ಸಂತೋಷದಿಂದಲೇ ಗಮನಿಸುತ್ತಿದ್ದೇವೆ. ಆದರೆ ಕೈಯಿಂದ ಮಾಡಿದ ಉಡುಗೊರೆಯನ್ನು ಕೇವಲ ಪ್ರೀತಿಯ ಸಂಕೇತವೆಂದು ಕರೆದು ಸುಮ್ಮನಾಗುವುದು ಸುಲಭ. ಅದರೊಳಗೆ ದುಡಿಮೆಯಿದೆ, ಸಮಯವಿದೆ, ಲಿಂಗಭೇದವಿದೆ, ದೇಶ ದೇಶಗಳ ನಡುವಿನ ಅಸಮಾನತೆಯಿದೆ. ಆ ಲೆಕ್ಕವನ್ನೂ ಬಿಚ್ಚಿ ನೋಡುವುದು ನಮ್ಮಂಥ ಪತ್ರಿಕೆಯ ಕೆಲಸ.

ಮೊದಲು ಈ ನೆಲದ ಚರಿತ್ರೆ. ದಕ್ಷಿಣದ ಹಾಲ್ಯಾಂಡ್ ಪ್ರಾಂತ್ಯದಲ್ಲಿ 17ನೆಯ ಶತಮಾನದಿಂದ ಹೆಣಿಗೆ ಹೊಟ್ಟೆಪಾಡಿನ ಕಸುಬಾಗಿತ್ತು. ಕಲ್ಲುನೆಲದಲ್ಲಿ ಬೆಳೆದದ್ದು ಸಾಲದೆ ಹೆಂಗಸರು, ಮಕ್ಕಳು, ಗಂಡಸರು ಕೂಡ ಕಾಲುಚೀಲ, ಅಂಗಿಗಳನ್ನು ಹೆಣೆದು ಮಾರುತ್ತಿದ್ದರು. ಚಳಿಗಾಲದ ಸಂಜೆ ಒಂದೇ ಮನೆಯಲ್ಲಿ ಸೇರಿದರೆ ದೀಪವೂ ಉಳಿತಾಯ, ಬೆಂಕಿಯೂ ಉಳಿತಾಯ. ಆ ಸೀಮೆಯ ಆಡುಮಾತಿನಲ್ಲಿ ಹೆಣೆಯುವುದಕ್ಕೆ ‘ಬಿಂದಾ’ ಎನ್ನುತ್ತಾರೆ, ಅಂದರೆ ಕಟ್ಟುವುದು. ನಾವು ಹೂ ಕಟ್ಟುವಂತೆ ಅವರು ಉಣ್ಣೆ ಕಟ್ಟಿದರು. ಈ ಕಸುಬು ಅಳಿಯುವ ಹಂತದಲ್ಲಿದ್ದಾಗ, 1907ರಲ್ಲಿ, ಲಾಹೋಲ್ಮ್ ಪಟ್ಟಣದಲ್ಲಿ ಬೆರ್ತಾ ಬೊರ್ಯಸ್ತ್ರೋಮ್ ಎಂಬಾಕೆ ಹೆಣಿಗೆಯವರ ಸಂಘವೊಂದನ್ನು ಕಟ್ಟಿ ಹಳೆಯ ಮಾದರಿಗಳನ್ನು ಉಳಿಸಿದರು.

ಪಶ್ಚಿಮ ಕರಾವಳಿಯ ಬೂಹುಸ್ಲೇನ್ ಪ್ರಾಂತ್ಯದ ಕತೆ ಇನ್ನೂ ಹತ್ತಿರದ ಕಾಲದ್ದು. ಅಲ್ಲಿನ ಗ್ರಾನೈಟ್ ಕ್ವಾರಿಗಳ ಕಲ್ಲುಕುಟಿಗರು 1930ರ ದಶಕದಲ್ಲಿ ಸಾಲುಸಾಲಾಗಿ ನಿರುದ್ಯೋಗಿಗಳಾದರು. ಅವರ ಹೆಂಡಂದಿರು ಪ್ರಾಂತಾಧಿಕಾರಿಯ ಮನೆಯ ಬಾಗಿಲಿಗೆ ಬಂದು ಕೆಲಸ ಕೇಳಿದರು. ಅವರು ಕೇಳಿದ್ದು ದಾನವನ್ನಲ್ಲ, ಕೆಲಸವನ್ನು. ಪ್ರಾಂತಾಧಿಕಾರಿಯ ಪತ್ನಿ ಎಮ್ಮಾ ಯಾಕೋಬ್‌ಸನ್ 1939ರಲ್ಲಿ ‘ಬೂಹುಸ್ ಸ್ಟಿಕ್ನಿಂಗ್’ ಸ್ಥಾಪಿಸಿದರು. ಒರಟು ಕಾಲುಚೀಲ ಮತ್ತು ಕೈಗವಸುಗಳಿಂದ ಆರಂಭವಾದ ಈ ಉದ್ಯಮ ಕೆಲವೇ ವರ್ಷಗಳಲ್ಲಿ ಅಂಗೋರಾ ಮೊಲದ ತುಪ್ಪಳ ಬೆರೆಸಿದ ನವಿರು ನೂಲಿನ, ಬಣ್ಣದೊಳಗೆ ಬಣ್ಣ ಕರಗುವ ಸ್ವೆಟರುಗಳಿಗೆ ಹೆಸರಾಗಿ ಅಮೆರಿಕದವರೆಗೂ ಹೋಯಿತು. ನೂರಾರು ಹೆಂಗಸರು ತಮ್ಮ ಅಡುಗೆಮನೆಗಳಲ್ಲೇ ಕೂತು ಇದನ್ನು ಹೆಣೆದರು. ಕೂಲಿ ತುಣುಕಿನ ಲೆಕ್ಕದಲ್ಲಿ ಸಿಗುತ್ತಿತ್ತು. ಗಂಟೆಯ ಲೆಕ್ಕ ಹಾಕಿದರೆ ಅದು ಬಹಳ ಕಡಿಮೆ. 1969ರಲ್ಲಿ ಅದು ಮುಚ್ಚಿತು. ಇಂದು ಉದ್ದೆವಾಲಾದ ವಸ್ತುಸಂಗ್ರಹಾಲಯದಲ್ಲಿ ಆ ಸ್ವೆಟರುಗಳನ್ನು ನೋಡಬಹುದು. ಮಾದರಿಗಳನ್ನು ರಚಿಸಿದ ವೇರಾ ಬ್ಯುರ್ಸ್‌ಟ್ರೋಮ್, ಕೆರ್ಸ್ಟಿನ್ ಊಲ್ಸನ್ ಮುಂತಾದವರ ಹೆಸರುಗಳು ಪುಸ್ತಕಗಳಲ್ಲಿ ಉಳಿದಿವೆ. ಹೆಣೆದ ಕೈಗಳ ಹೆಸರುಗಳು ಬಹುಪಾಲು ಉಳಿದಿಲ್ಲ. ಕಲೆಯ ಚರಿತ್ರೆಯಲ್ಲಿ ಮಾದರಿಗೆ ಒಂದು ಜಾಗ, ದುಡಿಮೆಗೆ ಇನ್ನೊಂದು ಜಾಗ ಎಂಬುದು ನಮಗೇನೂ ಹೊಸದಲ್ಲ. ಬೇಲೂರಿನ ಕೆಲವು ಶಿಲ್ಪಗಳ ಕೆಳಗೆ ಶಿಲ್ಪಿಯ ಹೆಸರಿದೆ; ಕಲ್ಲು ಹೊತ್ತವರ ಹೆಸರಿಲ್ಲ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಈ ದೇಶದಲ್ಲಿ ‘ಪರಂಪರೆ’ ಎಂಬ ಮಾತನ್ನು ವಲಸಿಗರ ವಿರುದ್ಧದ ಗೋಡೆಯಾಗಿ ಕಟ್ಟುವ ರಾಜಕಾರಣ ಈಗ ಅಧಿಕಾರಕ್ಕೆ ಬೆಂಬಲ ಕೊಡುವ ಸ್ಥಾನಕ್ಕೆ ತಲುಪಿದೆ. ಹೆಣಿಗೆಯ ಚರಿತ್ರೆ ಆ ಗೋಡೆಗೆ ಒಗ್ಗುವುದಿಲ್ಲ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಹೆಣಿಗೆಯ ತುಣುಕುಗಳು ಸಿಕ್ಕಿದ್ದು ಈಜಿಪ್ಟಿನಲ್ಲಿ. ಹಾಲ್ಯಾಂಡ್ ಪ್ರಾಂತ್ಯದವರು ಈ ಕಲೆಯನ್ನು ಡಚ್ಚರ ನಾಡಿನಿಂದ ಬಂದದ್ದೆಂದೇ ತಮ್ಮ ಐತಿಹ್ಯದಲ್ಲಿ ಹೇಳಿಕೊಳ್ಳುತ್ತಾರೆ. 1645ರವರೆಗೆ ಆ ಪ್ರಾಂತ್ಯ ಇದ್ದದ್ದು ಡೆನ್ಮಾರ್ಕಿನ ಕೈಯಲ್ಲಿ; ಬೂಹುಸ್ಲೇನ್ 1658ರವರೆಗೆ ನಾರ್ವೆಗೆ ಸೇರಿತ್ತು. ಎಮ್ಮಾ ಯಾಕೋಬ್‌ಸನ್ ಹುಟ್ಟಿದ್ದು ವಿಯೆನ್ನಾದ ಯಹೂದಿ ಕುಟುಂಬದಲ್ಲಿ. ‘ಅಪ್ಪಟ ಸ್ವೀಡಿಷ್’ ಎಂದು ಹೆಮ್ಮೆಪಡುವ ಸ್ವೆಟರಿನ ಒಂದು ಎಳೆ ಎಳೆದರೆ ಇಷ್ಟು ಊರುಗಳು ಬಿಚ್ಚಿಕೊಳ್ಳುತ್ತವೆ. ನಾಳೆ ಕನ್ನಡದ ಹೆಂಗಸೊಬ್ಬಳು ಇಳಕಲ್ ಸೀರೆಯ ಸೆರಗಿನ ವಿನ್ಯಾಸವನ್ನು ಕೈಗವಸಿನ ಮೇಲೆ ತಂದರೆ ಅದು ಈ ನಾಡಿನ ಪರಂಪರೆಗೆ ಹೊರಗಿನದಾಗುವುದಿಲ್ಲ, ಅದರ ಮುಂದಿನ ಸಾಲಾಗುತ್ತದೆ.

ನಮ್ಮ ಕಡೆಗೆ ತಿರುಗಿದರೆ, ಎರಡು ಕಡ್ಡಿಗಳ ಹೆಣಿಗೆ ಕನ್ನಡನಾಡಿನಲ್ಲಿ ಹಳೆಯದಲ್ಲ. ಮಿಷನ್ ಶಾಲೆಗಳ ಹೊಲಿಗೆ ತರಗತಿಗಳ ಜೊತೆ ಬಂದು, ಮಧ್ಯಮವರ್ಗದ ಮನೆಗಳಲ್ಲಿ ನೆಲೆಸಿದ ವಿದ್ಯೆ ಅದು. ನಮ್ಮಲ್ಲಿ ಅನೇಕರಿಗೆ ಸ್ವೆಟರ್ ಎಂದರೆ ಚಳಿಗಾಲದಲ್ಲಿ ಪೇಟೆಯ ರಸ್ತೆಬದಿಯಲ್ಲಿ ಟಿಬೆಟನ್ನರು ಹಾಕುತ್ತಿದ್ದ ಅಂಗಡಿಗಳ ನೆನಪು. 1961ರಲ್ಲಿ ಬೈಲಕುಪ್ಪೆಯಲ್ಲಿ ನೆಲೆ ಕಂಡುಕೊಂಡ ನಿರಾಶ್ರಿತರು ನಮಗೆ ಬೆಚ್ಚಗಿನ ಉಡುಪು ಮಾರಿ ತಮ್ಮ ಬದುಕು ಕಟ್ಟಿಕೊಂಡರು. ಹೊರಗಿನಿಂದ ಬಂದವರು ಊರಿಗೆ ಏನು ಕೊಡುತ್ತಾರೆ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಆದರೆ ಉಣ್ಣೆ ಮತ್ತು ಕೈಕೆಲಸದ ಉಡುಗೊರೆ ನಮ್ಮಲ್ಲಿ ಬಹು ಹಳೆಯವು. ಚಳ್ಳಕೆರೆಯ ಸುತ್ತಿನ ಕುರುಬರ ಮನೆಗಳಲ್ಲಿ ಹೆಂಗಸರು ದಖ್ಖನಿ ಕುರಿಯ ಉಣ್ಣೆಯನ್ನು ನೂತು, ಗಂಡಸರು ಗುಂಡಿಮಗ್ಗದಲ್ಲಿ ನೇಯ್ದು, ಹುಣಿಸೆಬೀಜದ ಗಂಜಿ ಕೊಟ್ಟು ಮಾಡುವ ಕರಿಕಂಬಳಿ ಮಳೆ ಚಳಿಗಳಿಗೆ ಹೊದಿಕೆಯಾಗಿದೆ, ದೈವಕಾರ್ಯಕ್ಕೆ ಗದ್ದುಗೆಯಾಗಿದೆ. ಉತ್ತರ ಕರ್ನಾಟಕದ ಅಜ್ಜಿಯರು ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಮೊಮ್ಮಗುವಿಗೆ ಕೌದಿ ಹೊಲಿದಿದ್ದಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗಳು, ಮೂಲೆಗಳಲ್ಲಿ ಹೂವಿನಂಥ ಮಡಿಕೆ ಹಾಕಿದ ಹೊರತು ಪೂರ್ಣವಾಗುವುದಿಲ್ಲ. ನೂಲುವ ಕಾಯಕದ ಕದಿರ ರೆಮ್ಮವ್ವೆ 12ನೆಯ ಶತಮಾನದಲ್ಲಿ ವಚನ ಬರೆದಳು. ಕಾಯಕ ಮತ್ತು ದಾಸೋಹಗಳನ್ನು ಒಟ್ಟಿಗೆ ಹೇಳಿದ ಆ ಚಳವಳಿ ದುಡಿಮೆಯನ್ನೂ ಕೊಡುವುದನ್ನೂ ಬೇರೆ ಮಾಡಲಿಲ್ಲ. ಕೊಡುವವನು ಮೇಲೆ, ದುಡಿಯುವವನು ಕೆಳಗೆ ಎಂಬ ಏಣಿಯನ್ನೇ ಅದು ಒಪ್ಪಲಿಲ್ಲ.

ಈ ಅಳತೆಗೋಲು ಹಿಡಿದು ನೋಡಿದಾಗ ಇಂದಿನ ‘ಕೈಯಿಂದ ಮಾಡಿದ್ದು’ ಎಂಬ ಮಾತಿನಲ್ಲಿ ಒಂದು ಬಿರುಕು ಕಾಣುತ್ತದೆ. ಮನೆಯಲ್ಲಿ ಹೆಣೆದ ಸ್ವೆಟರಿಗೆ ಎದುರಾಗಿ ನಾವು ಅಂಗಡಿಯ ಅಂಗಿಯನ್ನು ನಿಲ್ಲಿಸುತ್ತೇವೆ: ಇದು ಕೈಯದು, ಅದು ಯಂತ್ರದ್ದು. ಇದು ನಿಜವಲ್ಲ. ತಾನಾಗಿ ಅಂಗಿ ಹೊಲಿದು ಕೊಡುವ ಯಂತ್ರ ಇಂದಿಗೂ ಬಳಕೆಗೆ ಬಂದಿಲ್ಲ. ಪ್ರತಿ ಕಾಲರನ್ನೂ, ಪ್ರತಿ ತೋಳನ್ನೂ ಸೂಜಿಯ ಕೆಳಗೆ ತಳ್ಳುವುದು ಒಂದು ಜೊತೆ ಕೈಗಳೇ. ಸ್ವೀಡನ್ನಿನ ಅಂಗಡಿಗಳಲ್ಲಿ ತೂಗುವ ಬಟ್ಟೆಗಳ ಹಿಂದಿನ ಆ ಕೈಗಳಲ್ಲಿ ಒಂದು ಪಾಲು ಬೆಂಗಳೂರಿನ ಪೀಣ್ಯದವು, ಹೊಸೂರು ರಸ್ತೆಯವು, ಮಂಡ್ಯ ಜಿಲ್ಲೆಯ ಹಳ್ಳಿಗಳವು. ಒಂದು ಕಾಲಕ್ಕೆ ಈ ಹೊಲಿಗೆ ಇಲ್ಲಿಯೇ, ಬೊರೋಸ್ ಪಟ್ಟಣದಲ್ಲಿ ನಡೆಯುತ್ತಿತ್ತು. ಅಲ್ಲಿನ ಆಲ್ಗೊತ್ಸ್ ಎಂಬ ದೊಡ್ಡ ಕಾರ್ಖಾನೆ 1977ರಲ್ಲಿ ದಿವಾಳಿಯಾಯಿತು. ಕೂಲಿ ಕಡಿಮೆಯಿರುವ ದೇಶಗಳ ಕಡೆಗೆ ಸಾಗಿದ ಆ ಕೆಲಸದ ದಾರಿಯಲ್ಲಿ ಕರ್ನಾಟಕವೂ ಒಂದು ನಿಲ್ದಾಣ.

2016ರ ಏಪ್ರಿಲ್ ತಿಂಗಳನ್ನು ನೆನೆಯೋಣ. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು. ದೊಡ್ಡ ನಾಯಕರಿಲ್ಲದ ಆ ಚಳವಳಿ ಎರಡೇ ದಿನದಲ್ಲಿ ಸರ್ಕಾರ ಹೆಜ್ಜೆ ಹಿಂತೆಗೆಯುವಂತೆ ಮಾಡಿತು. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಘಟಕವೊಂದು ಸುಮಾರು 1,200 ಕಾರ್ಮಿಕರನ್ನು ಕೆಲಸದಿಂದ ಕಳಿಸಿತು. ಅವರಲ್ಲಿ ಬಹುಪಾಲು ಹೆಂಗಸರು. ಆ ಘಟಕದ ಮುಖ್ಯ ಗಿರಾಕಿ ಸ್ವೀಡನ್ನಿನ ಎಚ್ ಅಂಡ್ ಎಂ. ಕಾರ್ಮಿಕರು ವಾರಗಟ್ಟಲೆ ಧರಣಿ ಕೂತರು. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಬಿಡದೆ ಹೋರಾಡಿತು. 1947ರಲ್ಲಿ ವೆಸ್ತೆರೋಸ್ ಪಟ್ಟಣದ ಒಂದು ಅಂಗಡಿಯಾಗಿ ಹುಟ್ಟಿದ ಎಚ್ ಅಂಡ್ ಎಂ 2015ರಲ್ಲೇ ಸ್ವೀಡನ್ನಿನ ಐಎಫ್ ಮೆಟಾಲ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಇಂಡಸ್ಟ್ರಿಆಲ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ತನಗೆ ಮಾಲು ಪೂರೈಸುವ ಕಾರ್ಖಾನೆಗಳಲ್ಲಿ ಸಂಘಟನೆಯ ಹಕ್ಕನ್ನು ಗೌರವಿಸಬೇಕೆಂಬುದು ಅದರ ತಿರುಳು. ಆ ಹಾಳೆಗೆ ಬಲ ಬಂದದ್ದು ಶ್ರೀರಂಗಪಟ್ಟಣದ ಹೆಂಗಸರು ಗೇಟಿನ ಬಳಿ ಕೂತ ಮೇಲೆಯೇ. 2021ರ ಆರಂಭದಲ್ಲಿ ಕಂಪನಿಗೂ ಯೂನಿಯನ್ನಿಗೂ ಒಪ್ಪಂದವಾಗಿ, ಕೆಲಸ ಕಳೆದುಕೊಂಡವರನ್ನು ಮರಳಿ ಸೇರಿಸಿಕೊಳ್ಳಲು ಕಂಪನಿ ಒಪ್ಪಿತು.

ಹೀಗಿರುವಾಗ, ನಾವು ಹೆಣೆದ ಒಂದು ಸ್ವೆಟರ್ ಅವರು ಹೊಲಿದ ನೂರು ಅಂಗಿಗಳಿಗಿಂತ ಹೆಚ್ಚು ‘ಮಾನವೀಯ’ ಎಂದು ಭಾವಿಸುವುದು ಆ ಕೈಗಳನ್ನು ಎರಡನೆಯ ಸಲ ಅಳಿಸಿಹಾಕಿದಂತೆ. ಹೆಣಿಗೆ ನಮಗೆ ಕಲಿಸಬೇಕಾದದ್ದು ಇದರ ತದ್ವಿರುದ್ಧ ಪಾಠವನ್ನು. ಒಂದು ಟೋಪಿಗೆ ಎರಡು ಮೂರು ಸಂಜೆ ಹಿಡಿದಾಗ, ತಪ್ಪಿದ ಕುಣಿಕೆಗಾಗಿ ಹತ್ತು ಸಾಲು ಬಿಚ್ಚಿದಾಗ, ಬಟ್ಟೆಯೆಂಬುದು ಎಷ್ಟು ಗಂಟೆಗಳ ಮೊತ್ತ ಎಂಬುದು ಬೆರಳಿಗೆ ತಿಳಿಯುತ್ತದೆ. ದೊಡ್ಡವರ ಸ್ವೆಟರೊಂದಕ್ಕೆ ಹೊಸಬರಿಗೆ 50 ಗಂಟೆಯಾದರೂ ಬೇಕು. ಆ 50 ಗಂಟೆಗೆ ಇಲ್ಲಿನ ಕೂಲಿಯ ದರ ಕಟ್ಟಿ ನೋಡಿ. ನೂಲಿನ ಬೆಲೆ ಕೂಡಿಸಿ. ಆಮೇಲೆ ಅಂಗಡಿಯ ಸ್ವೆಟರಿನ ಬೆಲೆಪಟ್ಟಿ ನೋಡಿ. ಯಂತ್ರ ಉಳಿಸಿದ ಸಮಯ ಒಂದಷ್ಟು, ಸರಿ. ಉಳಿದ ವ್ಯತ್ಯಾಸವನ್ನು ತುಂಬಿದವರು ಯಾರು ಎಂಬ ಪ್ರಶ್ನೆಯನ್ನು ಆ ಬೆಲೆಪಟ್ಟಿ ಕೇಳುತ್ತದೆ.

ಸಮಯವೇ ಇಲ್ಲಿನ ಮುಖ್ಯ ವಿಷಯ. ಸ್ವೀಡನ್ನಿನಲ್ಲಿ ಸಂಜೆ ಕೂತು ಹೆಣೆಯಲು ನಮಗೆ ಬಿಡುವಿದೆಯೆಂದರೆ ಅದು ಆಕಾಶದಿಂದ ಬಿದ್ದದ್ದಲ್ಲ. ವಾರಕ್ಕೆ 40 ಗಂಟೆಯ ಕೆಲಸದ ನಿಯಮ 1970ರ ದಶಕದ ಆರಂಭಕ್ಕೆ ಪೂರ್ಣವಾಗಿ ಜಾರಿಗೆ ಬಂತು; ವರ್ಷಕ್ಕೆ ಐದು ವಾರಗಳ ಸಂಬಳಸಹಿತ ರಜೆ 1978ರಲ್ಲಿ ಹಕ್ಕಾಯಿತು. ಎರಡರ ಹಿಂದೆಯೂ ಕಾರ್ಮಿಕ ಚಳವಳಿಯ ದಶಕಗಳಿವೆ. ನಮ್ಮ ಕರ್ನಾಟಕದಲ್ಲಿ? 2023ರ ಫೆಬ್ರವರಿಯಲ್ಲಿ ವಿಧಾನಮಂಡಲ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿ ಉಳಿಸಿಕೊಂಡೇ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿಕೊಟ್ಟಿತು. ದಿನಕ್ಕೆ 12 ಗಂಟೆ ಹೊಲಿದು, ಬಸ್ಸಿನಲ್ಲಿ ನಿಂತು ಮನೆಗೆ ಬಂದು, ಒಲೆ ಹಚ್ಚುವ ಹೆಂಗಸಿಗೆ ತನ್ನ ಮಗಳಿಗೊಂದು ಕುಲಾವಿ ಹೊಲಿಯಲು ಯಾವ ಗಂಟೆ ಉಳಿಯುತ್ತದೆ? ಲೋಕಕ್ಕೆಲ್ಲ ಬಟ್ಟೆ ಹೊಲಿಯುವವಳಿಗೆ ತನ್ನವರಿಗಾಗಿ ಹೊಲಿಯುವ ಸುಖವಿಲ್ಲ. ಕೈಯಿಂದ ಮಾಡಿದ ಉಡುಗೊರೆ ಎಲ್ಲರಿಗೂ ದಕ್ಕಬೇಕಾದರೆ ಮೊದಲು ಎಲ್ಲರಿಗೂ ಬಿಡುವು ದಕ್ಕಬೇಕು.

ಕೈಕೆಲಸವನ್ನೇ ಬದುಕಾಗಿ ಆರಿಸಿಕೊಂಡವರ ಪ್ರಶ್ನೆಯೂ ಇದರ ಜೊತೆಗಿದೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ‘ಚರಕ’ ಮಹಿಳಾ ಸಹಕಾರಿಯನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ, 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಉಪವಾಸ ಕೂತರು. ಅವರ ಎಲ್ಲ ವಾದಗಳನ್ನೂ ಒಪ್ಪದವರು ನಮ್ಮ ಓದುಗರಲ್ಲಿದ್ದಾರೆ. ಆ ಚರ್ಚೆ ನಡೆಯಲಿ. ಆದರೆ ಯಂತ್ರದ ಉತ್ಪನ್ನವನ್ನೂ ಕೈಯ ಉತ್ಪನ್ನವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವೇ ಎಂಬ ಅವರ ಪ್ರಶ್ನೆ ಹಾಗೆಯೇ ಉಳಿದಿದೆ. ಇಲ್ಲಿಯೂ ಅದರ ನೆರಳಿದೆ. ಸ್ವೀಡನ್ನಿನ ಕುರಿಗಳಿಂದ ಕತ್ತರಿಸಿದ ಉಣ್ಣೆಯ ದೊಡ್ಡ ಪಾಲು ಬಹುಕಾಲ ಕಸವಾಗಿ ಹೋಗಿದೆ; ಅದೇ ಹೊತ್ತಿಗೆ ಅಂಗಡಿಗಳು ದೂರದೇಶದ ಉಣ್ಣೆಯನ್ನು ತಂದು ಮಾರಿವೆ. ದಖ್ಖನಿನ ಕರಿ ಉಣ್ಣೆಗೂ ಕೊಳ್ಳುವವರಿಲ್ಲ. ಮಾಂಸಕ್ಕಾಗಿ ಸಾಕುವ ತಳಿಗಳು ಬಂದಂತೆ ಉಣ್ಣೆಯ ಕುರಿಯೂ ಕಂಬಳಿಯ ಮಗ್ಗವೂ ಹಿಂದೆ ಸರಿಯುತ್ತಿವೆ. ಎರಡು ನಾಡುಗಳ ಕುರಿಗಾಹಿಗಳ ಸಂಕಟ ಒಂದೇ ಬಗೆಯದು.

ಇನ್ನು, ಹೆಣೆಯುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಮನೆಯೊಳಗೆ ಕೇಳಿಕೊಳ್ಳಬೇಕು. ಹಬ್ಬದ ಉಡುಗೊರೆಗಳ ಪಟ್ಟಿ ಮಾಡುವುದು, ಅಳತೆ ನೆನಪಿಡುವುದು, ಸೊಸೆಯ ತಂಗಿಗೆ ಯಾವ ಬಣ್ಣ ಹಿಡಿಸುತ್ತದೆಂದು ತಿಳಿದಿರುವುದು, ಇವೆಲ್ಲ ಹೆಂಗಸರ ಪಾಲಿಗೆ ಬೀಳುವ, ಯಾರೂ ಲೆಕ್ಕವಿಡದ ದುಡಿಮೆ. ಮೂರು ತಿಂಗಳ ಭೇಟಿಯ ವೀಸಾದಲ್ಲಿ ಬಂದ ಅಮ್ಮಂದಿರು, ಅತ್ತೆಯರು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ ಕಿಟಕಿಯ ಬಳಿ ಕೂತು ಹೆಣೆದದ್ದನ್ನು ನಾವು ‘ಅವರಿಗೆ ಹೊತ್ತು ಹೋಗಲಿ’ ಎಂದು ಹಗುರಾಗಿ ಹೇಳುತ್ತೇವೆ. ಅದು ಹೊತ್ತು ಕಳೆಯುವುದಲ್ಲ, ಕೆಲಸ. ಸ್ವೀಡನ್ನಿನ ಶಾಲೆ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಇಲ್ಲಿ ‘ಸ್ಲಾಯ್ಡ್’ ಅಂದರೆ ಕೈಕೆಲಸ ಕಡ್ಡಾಯ ಪಾಠ; ಹುಡುಗರೂ ಹೆಣೆಯುತ್ತಾರೆ, ಹುಡುಗಿಯರೂ ಮರ ಕೊರೆಯುತ್ತಾರೆ. ಗೋಥೆನ್‌ಬರ್ಗ್ ಸಮೀಪದ ನೇಸ್ ಎಂಬಲ್ಲಿ ಓಟ್ಟೋ ಸಾಲೋಮನ್ 19ನೆಯ ಶತಮಾನದಲ್ಲಿ ಬೆಳೆಸಿದ ಈ ಶಿಕ್ಷಣಕ್ರಮವನ್ನು ಕಲಿಯಲು ಟ್ಯಾಗೋರರ ಬಳಗದ ಲಕ್ಷ್ಮೀಶ್ವರ ಸಿನ್ಹಾ ಬಂಗಾಳದಿಂದ ಇಲ್ಲಿಗೆ ಬಂದಿದ್ದರು. ಶಾಲೆಯಲ್ಲಿ ಕಡ್ಡಿ ಹಿಡಿದ ನಮ್ಮ ಗಂಡುಮಗ ಮನೆಯಲ್ಲಿ ಅಪ್ಪ ಎಂದೂ ಸೂಜಿ ಮುಟ್ಟದ್ದನ್ನು ಕಂಡರೆ ಕಲಿಯುವುದು ಯಾವುದನ್ನು? ಈ ಚಳಿಗಾಲ ನಮ್ಮ ಗಂಡಸರೂ ಒಂದು ಮಫ್ಲರ್ ಆರಂಭಿಸಲಿ. ಅಂಚು ಸೊಟ್ಟಗಾದರೂ ಚಿಂತೆಯಿಲ್ಲ.

ಕಲಿಯುವುದೆಲ್ಲಿ ಎಂಬುದು ಈಗ ರಾಜಕೀಯದ ಪ್ರಶ್ನೆಯಾಗಿದೆ. 1912ರಲ್ಲಿ ಸ್ಥಾಪನೆಯಾದ ಕಾರ್ಮಿಕರ ಶಿಕ್ಷಣ ಸಂಘ ಎಬಿಎಫ್ ಮತ್ತು ಅದರಂಥ ಇತರ ಸಂಸ್ಥೆಗಳು ನಡೆಸುವ ಅಧ್ಯಯನ ವೃತ್ತಗಳಲ್ಲಿ ಹೆಣಿಗೆಯಿದೆ, ಹಾಡಿದೆ, ಭಾಷೆಯಿದೆ, ಕಾರ್ಮಿಕ ಹಕ್ಕುಗಳ ಪಾಠವಿದೆ. ಹೊಸದಾಗಿ ಬಂದ ಎಷ್ಟೋ ಹೆಂಗಸರು ಮೊದಲ ಸ್ವೀಡಿಷ್ ವಾಕ್ಯಗಳನ್ನು ಆಡಿದ್ದು ಇಂಥ ಮೇಜಿನ ಸುತ್ತ. ಕೈ ಕೆಲಸ ಮಾಡುತ್ತಿದ್ದರೆ ನಾಲಿಗೆಯ ಸಂಕೋಚ ಸಡಿಲುತ್ತದೆ. ಈಗಿರುವ ಬಲಪಂಥೀಯ ಸರ್ಕಾರ 2024ರ ಬಜೆಟ್ಟಿನಲ್ಲಿ ಈ ಸಂಸ್ಥೆಗಳ ಅನುದಾನವನ್ನು ಹಂತಹಂತವಾಗಿ ಕಡಿತ ಮಾಡಲು ನಿರ್ಧರಿಸಿತು: ಮೊದಲ ವರ್ಷ 25 ಕೋಟಿ ಕ್ರೋನಾ, 2026ರ ಹೊತ್ತಿಗೆ 50 ಕೋಟಿ. ವಲಸಿಗರು ಸಮಾಜದಲ್ಲಿ ಬೆರೆಯುವುದಿಲ್ಲ ಎಂದು ದೂರುವವರೇ ಬೆರೆಯುವ ಕೊಠಡಿಗಳಿಗೆ ಬೀಗ ಹಾಕುತ್ತಿದ್ದಾರೆ. ನಮ್ಮ ಕನ್ನಡ ಕೂಟಗಳು ದೀಪಾವಳಿ, ರಾಜ್ಯೋತ್ಸವಗಳಿಗೆ ಸಭಾಂಗಣ ಹುಡುಕುವಷ್ಟೇ ಆಸಕ್ತಿಯಿಂದ ಈ ಕಡಿತವನ್ನು ವಿರೋಧಿಸಬೇಕು. ಆ ವೃತ್ತಗಳಿಗೆ ಸೇರಿ ಕುರ್ಚಿಗಳನ್ನು ತುಂಬಬೇಕು.

ಹಾಗಾದರೆ ಈ ಡಿಸೆಂಬರಿನಲ್ಲಿ ಏನು ಮಾಡೋಣ? ಹೆಣೆಯೋಣ. ಆದರೆ ಲೆಕ್ಕವಿಟ್ಟು ಹೆಣೆಯೋಣ. ಮೈಸೂರಿನ ಸೆಖೆಯಲ್ಲಿರುವ ಮಾವನಿಗೆ ದಪ್ಪ ಉಣ್ಣೆಯ ಸ್ವೆಟರ್ ಕೊಟ್ಟು ಬೀರುವಿನಲ್ಲಿ ಕೂಡಿಹಾಕಿಸುವುದಕ್ಕಿಂತ ಹತ್ತಿಯ ನೂಲಿನ ತೆಳು ಹೊದಿಕೆ ಮೇಲು. ಸಾಧ್ಯವಾದರೆ ಈ ನಾಡಿನ ಸಣ್ಣ ಕುರಿಸಾಕಣೆಯವರ ನೂಲನ್ನೇ ಕೊಳ್ಳೋಣ. ಊರಿಗೆ ಹೋದಾಗ ಒಂದು ಕಂಬಳಿಯನ್ನೂ ಒಂದು ಕೌದಿಯನ್ನೂ ಚೌಕಾಸಿ ಮಾಡದೆ ತರೋಣ. ಉಡುಗೊರೆಯ ಪಟ್ಟಿಯಲ್ಲಿ ನೆಂಟರ ಜೊತೆ ನಮ್ಮ ಮೆಟ್ಟಿಲು ಗುಡಿಸುವವರ, ಬೆಳಗಿನ ಕತ್ತಲಲ್ಲಿ ಪತ್ರಿಕೆ ಹಂಚುವವರ ಹೆಸರೂ ಇರಲಿ. ಅವರಲ್ಲಿ ಎಷ್ಟೋ ಮಂದಿ ನಮ್ಮ ಹಾಗೆಯೇ ದೂರದಿಂದ ಬಂದವರು, ನಮ್ಮಷ್ಟು ಒಳ್ಳೆಯ ಸಂಬಳ ಸಿಗದವರು. ಮತ್ತು ಹೆಣೆಯಲಾರದ ಗಂಟೆಗಳಿಗೆ ಬದಲಾಗಿ ಒಂದು ಅಂಗಿಯ ಬೆಲೆಯನ್ನು ಕರ್ನಾಟಕದ ಗಾರ್ಮೆಂಟ್ ಕಾರ್ಮಿಕರ ಸಂಘಟನೆಗೆ ತಲುಪಿಸುವ ದಾರಿಯನ್ನು ಹುಡುಕೋಣ. ಇಲ್ಲಿನ ಯೂನಿಯನ್ನಿನ ಸದಸ್ಯರಾಗಿರುವ ನಮ್ಮ ಓದುಗರು ತಮ್ಮ ಸಭೆಗಳಲ್ಲಿ ಶ್ರೀರಂಗಪಟ್ಟಣದ ಹೆಸರನ್ನು ಎತ್ತಲಿ. ಸ್ವೀಡನ್ನಿನ ಕಂಪನಿಗಳ ಪೂರೈಕೆಯ ಸರಪಳಿಯ ಎರಡೂ ತುದಿಗಳ ಭಾಷೆ ಬಲ್ಲವರು ಈ ದೇಶದಲ್ಲಿ ಹೆಚ್ಚು ಮಂದಿಯಿಲ್ಲ; ನಾವು ಬಲ್ಲೆವು. ಅದು ನಮಗೆ ಸಿಕ್ಕಿರುವ ಸವಲತ್ತು, ಆದ್ದರಿಂದ ಹೊಣೆಯೂ ಹೌದು.

ಬೂಹುಸ್ಲೇನಿನ ಕಲ್ಲುಕುಟಿಗರ ಹೆಂಡಂದಿರು ಕೇಳಿದ್ದು ಕೆಲಸ. ಶ್ರೀರಂಗಪಟ್ಟಣದ ಹೆಂಗಸರು ಕೇಳಿದ್ದೂ ಅದನ್ನೇ. ಅವರಿಬ್ಬರ ನಡುವಿನ ಎಂಬತ್ತು ವರ್ಷಗಳಲ್ಲಿ ಬಟ್ಟೆ ಅಗ್ಗವಾಗಿದೆ, ಕೈಗಳು ಕಣ್ಣಿಗೆ ಬೀಳದಷ್ಟು ದೂರ ಹೋಗಿವೆ. ಆ ದೂರವನ್ನು ಒಂದು ಉಣ್ಣೆಯ ಉಂಡೆ ಅಳಿಸಲಾರದು, ಅಳೆಯಲು ಮಾತ್ರ ಕಲಿಸಬಲ್ಲದು. ಅಳೆದವರು ಸುಮ್ಮನಿರಬಾರದು.